ಹಳೆ ಮನೆ ಕೊಳ್ಳುವ ಮುನ್ನ

ಕೂಡಿಟ್ಟ ನಾಲ್ಕು ಕಾಸಿನಿಂದ ಮುಂಬಯಿಯ ಹಳೆ ಕಟ್ಟಡದಲ್ಲೊಂದು ಮನೆ ಕೊಂಡು ಬಾಡಿಗೆಗೆ ಕೊಡುವ ಆಸೆ ನಮ್ಮ ಅನೇಕ ಯುವಮಿತ್ರರಿಗಿದೆ. ಒಳ್ಳೆಯದೇ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ: ಮನೆ ಸ್ವಂತ ಹಕ್ಕಿನದೋ, ಪಗಡಿಯದೋ?

ಪಗಡಿ ಕೊಟ್ಟವನು ಮಾಲೀಕನಲ್ಲ, ಬಾಡಿಗೆದಾರ. ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಒಳಬಾಡಿಗೆ ಕೊಟ್ಟರೆ ಮನೆಯೇ ಕೈತಪ್ಪಬಹುದು. ಬಾಡಿಗೆದಾರರ ಸಮೇತ ಚಾಳನ್ನೇ ಕೊಂಡರೆ? 1947ರ ಕಾಯಿದೆ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತ್ತು. 2000ದ ಮಾರ್ಚ್ 31ರಂದು ಜಾರಿಗೆ ಬಂದ ಕಾಯಿದೆಯಲ್ಲಿ ವಾರ್ಷಿಕ ಏರಿಕೆ ಶೇಕಡಾ 4. ನೂರು ರೂಪಾಯಿಗೆ ನಾಲ್ಕು ರೂಪಾಯಿ. ಸೋರುವ ಮಾಡಿನ ಒಂದು ಹಂಚಿಗೂ ಸಾಲದು.

ಸ್ವಂತ ಹಕ್ಕಿನ ಮನೆಯಾದರೆ ಲೀವ್ ಅಂಡ್ ಲೈಸೆನ್ಸ್ ಕರಾರು ಬರೆಸಿ ನೋಂದಾಯಿಸಿರಿ. ಆ ಹೊಣೆ ಮಾಲೀಕನದೇ. ತಪ್ಪಿದರೆ 5,000 ರೂಪಾಯಿವರೆಗೆ ದಂಡ, 3 ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆದೀತು. ಕರಾರಿನ ಷರತ್ತುಗಳ ಬಗ್ಗೆ ತಕರಾರು ಬಂದಾಗ ವಾಸಕ್ಕಿದ್ದವನ ಮಾತಿಗೇ ಬೆಲೆ. ಆದಾಯ ತೆರಿಗೆಯಲ್ಲಿ, ನಗರಪಾಲಿಕೆಗೆ ಕಟ್ಟಿದ ತೆರಿಗೆ ಕಳೆದುಳಿದ ಬಾಡಿಗೆಯ ಶೇಕಡಾ 30ಕ್ಕೆ ವಿನಾಯಿತಿಯಿದೆ. ಹಳೆ ಗೋಡೆಗಳ ದುರಸ್ತಿಗೆ ಅದನ್ನು ತೆಗೆದಿಡಿರಿ.

ಹೋಟೆಲಿನ ಬೆಂಚಿನ ಮೇಲೆ ಮಲಗಿ ಹಿರಿಯರು ಉಳಿಸಿದ ದುಡ್ಡಿದು. ಅವರಿಗೆ ಓದಲಾಗದ ಮರಾಠಿ, ಇಂಗ್ಲಿಷ್ ಕಾಗದಗಳನ್ನು ನೀವು ಓದಬಲ್ಲಿರಿ. ಮುಂಗಡ ಕೊಡುವ ಮುನ್ನ ಓದಿರಿ.