ಹಾಳೆ, ಸಿರಿ, ಅರದಾಳ: ಭೂತಕೋಲದ ವೇಷ ಏನು ಹೇಳುತ್ತದೆ?



2022ರಲ್ಲಿ ‘ಕಾಂತಾರ’ ಚಲನಚಿತ್ರ ತೆರೆಕಂಡ ಮೇಲೆ ನಮ್ಮ ಬಳಗದಲ್ಲಿ ಒಂದು ಬೇಡಿಕೆ ಮತ್ತೆ ಮತ್ತೆ ಬರುತ್ತಿದೆ. ಹೊಸೂರು, ಸೊಲ್ಲಾಪುರದ ಕಡೆಯವರು “ಈ ಸಲದ ರಾಜ್ಯೋತ್ಸವಕ್ಕೆ ವೇದಿಕೆಯ ಮೇಲೆ ಒಂದು ಭೂತಕೋಲ ಆಗಲಿ” ಎನ್ನುತ್ತಾರೆ. ಕಾಸರಗೋಡಿನ ಕಡೆಯವರು “ಅದೊಂದು ಬೇಡ” ಎನ್ನುತ್ತಾರೆ. ಕೇಳುವವರದು ಪ್ರೀತಿ, ಬೇಡ ಎನ್ನುವವರದು ಬಿಗುಮಾನವಲ್ಲ. ಇಬ್ಬರ ನಡುವೆ ಮಾತು ಕೆಡಬಾರದೆಂದು, ಆ ವೇಷ ಯಾವುದರಿಂದ, ಯಾರಿಂದ, ಹೇಗೆ ಆಗುತ್ತದೆ ಎಂಬುದನ್ನು ಇಲ್ಲಿ ವಿವರಿಸುತ್ತಿದ್ದೇವೆ.

ತೋಟದಿಂದ ಬಂದ ವೇಷ

ಸ್ಥೂಲವಾಗಿ ಹೇಳುವುದಾದರೆ, ಚಂದ್ರಗಿರಿ ಹೊಳೆಯ ಉತ್ತರಕ್ಕೆ, ಕುಂಬಳೆ, ಮಂಜೇಶ್ವರದ ಕಡೆ ನಡೆಯುವುದು ತುಳುವರ ಕೋಲ, ನೇಮ. ಹೊಳೆ ದಾಟಿ ತೆಂಕಣಕ್ಕೆ ಹೋದರೆ ಮಲಯಾಳದ ತೆಯ್ಯಂ. ಭಾಷೆ ಬೇರೆಯಾದರೂ ಸಾಮಗ್ರಿ ಬಹುಪಾಲು ಒಂದೇ. ಎಲ್ಲವೂ ಕರಾವಳಿಯ ಮನೆಯ ಹಿತ್ತಿಲಲ್ಲಿ ಸಿಗುವಂಥದ್ದು.

ಸೊಂಟಕ್ಕೆ ಕಟ್ಟುವ ಸಿರಿ ಎಂದರೆ ತೆಂಗಿನ ಎಳೆಯ ಗರಿ. ಅದನ್ನು ಸೀಳಿ ಹೆಣೆಯುವುದು ಕೋಲದ ಹೊತ್ತಿಗೆ, ಮರುದಿನಕ್ಕೆ ಅದು ಬಾಡುತ್ತದೆ. ಬೆನ್ನ ಹಿಂದೆ ಪ್ರಭಾವಳಿಯಂತೆ ನಿಲ್ಲುವ ಅಣಿಗೆ ಅಡಿಕೆ ಹಾಳೆ, ಬಿದಿರು, ತೆಂಗಿನ ಗರಿ ಬೇಕು. ತೋಟದ ಆಳು ತಲೆಗಿಡುವ ಮುಟ್ಟಾಳೆಯೂ ಅದೇ ಹಾಳೆಯದು. ಮುಖಕ್ಕೆ ಬಳಿಯುವ ಹಳದಿ ಅರದಾಳ ಒಂದು ಖನಿಜ. ಕಪ್ಪಿಗೆ ದೀಪದ ಕಾಡಿಗೆ. ತೆಯ್ಯಂನಲ್ಲಿ ಬಿಳಿಗೆ ಅಕ್ಕಿ ಹಿಟ್ಟು, ಬಣ್ಣದ ಗೆರೆ ಎಳೆಯಲು ತೆಂಗಿನ ಗರಿಯ ಕಡ್ಡಿ. ಈಗೀಗ ಅಂಗಡಿಯ ಬಣ್ಣಗಳೂ ಬಳಕೆಗೆ ಬಂದಿವೆ.

ಬಾಳಿಕೆ ಬರುವುದು ಲೋಹದ ವಸ್ತುಗಳು ಮಾತ್ರ: ಮೊಗ ಎನ್ನುವ ಮುಖವಾಡ, ಕತ್ತಿ, ಕಾಲಿನ ಗಗ್ಗರ. ಇವುಗಳಿಗೆ ಭಂಡಾರ ಎಂದು ಹೆಸರು. ಕೋಲದ ದಿನ ಭಂಡಾರ ಮೆರವಣಿಗೆಯಲ್ಲಿ ಬರುತ್ತದೆ, ಮುಗಿದ ಮೇಲೆ ಮರಳಿ ತನ್ನ ಮನೆಗೆ ಹೋಗುತ್ತದೆ.

ಹಂದಿಯ ಮುಖ ಯಾಕೆ?

ಪಂಜುರ್ಲಿಯ ಮೊಗ ಹಂದಿಯದು. ಪಿಲಿಚಾಮುಂಡಿಯದು ಹುಲಿಯದು. ಪಂಜುರ್ಲಿಯ ಪಾಡ್ದನದ ಪ್ರಕಾರ, ಪಾರ್ವತಿ ಸಾಕಿದ ಹಂದಿಮರಿ ಬೆಳೆದು ಶಿವನ ತೋಟವನ್ನೇ ಹಾಳುಗೆಡವಿತು. ಶಿವನ ಸಿಟ್ಟಿಗೆ ಗುರಿಯಾದ ಅದೇ ಹಂದಿ ಬಳಿಕ ಭೂಮಿಗಿಳಿದು ಜನರ ಬೆಳೆ ಕಾಯುವ ದೈವವಾಯಿತು. ಗದ್ದೆ ತುಳಿಯುವ ಹಂದಿಗೆ ಗದ್ದೆಯನ್ನೇ ಒಪ್ಪಿಸಿಬಿಡುವುದು ಬೇಸಾಯಗಾರರ ಲೆಕ್ಕಾಚಾರ. ಕಾಡಂಚಿನ ತಾಳವಾಡಿ, ವಯನಾಡಿನ ನಮ್ಮ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಣ್ಣೆ-ಬೂಳ್ಯ

ಕೋಲ ಕಟ್ಟುವವರು ನಲಿಕೆ, ಪರವ, ಪಂಬದ ಸಮುದಾಯದವರು. ತೆಯ್ಯಂ ಕಟ್ಟುವವರು ವಣ್ಣಾನ್, ಮಲಯನ್, ವೇಲನ್ ಮೊದಲಾದವರು. ಯಾರು ಬೇಕಾದರೂ ಬಣ್ಣ ಹಚ್ಚಿಕೊಂಡು ನಿಲ್ಲುವಂತಿಲ್ಲ. ಊರವರು ಎಣ್ಣೆ-ಬೂಳ್ಯ, ಅಂದರೆ ಎಣ್ಣೆ ಮತ್ತು ವೀಳ್ಯ, ಕೊಡಬೇಕು. ಅದನ್ನು ಪಡೆದು ಸ್ನಾನ ಮಾಡಿ ಬಂದವರಿಗೇ ಅಧಿಕಾರ. ಮುಖಕ್ಕೆ ಬಣ್ಣ ಏರುತ್ತಿರುವಾಗ ಅವರ ಮನೆಯ ಹೆಂಗಸು, ಹೆಚ್ಚಾಗಿ ತಾಯಿ ಅಥವಾ ಹೆಂಡತಿ, ತೆಂಬರೆ ಬಾರಿಸುತ್ತ ಪಾಡ್ದನ ಹೇಳುತ್ತಾಳೆ. ಗಗ್ಗರ ಕಟ್ಟುವುದು ಆಮೇಲೆ. ತೆಯ್ಯಂನಲ್ಲಿ ಕೊನೆಗೆ ಕನ್ನಡಿ ಹಿಡಿಯುತ್ತಾರೆ. ತನ್ನ ಮುಖದಲ್ಲಿ ದೈವವನ್ನು ಕಂಡ ಕ್ಷಣದಿಂದ ಅವರು ಆಡಿದ್ದು ದೈವದ ನುಡಿ.

ಮರೆಯಬಾರದ ಸಂಗತಿ ಇನ್ನೊಂದಿದೆ. ಆ ರಾತ್ರಿ ಊರಿನ ಯಜಮಾನರೂ ಕೈಮುಗಿದು ನಿಲ್ಲುವುದು ಯಾರ ಮುಂದೆಯೋ, ಅವರನ್ನೇ ಹಗಲಿನಲ್ಲಿ ಅಂಗಳದ ಹೊರಗೆ ನಿಲ್ಲಿಸಿದ ಕಾಲವಿತ್ತು. ಈ ವೇಷ ಆ ಸಮುದಾಯಗಳು ಅವಮಾನದ ನಡುವೆ ಉಳಿಸಿಕೊಂಡ ಹಕ್ಕು. ಬಾಡಿಗೆಯ ಬಟ್ಟೆ ತೊಟ್ಟು ಬೇರೆಯವರು ಅದನ್ನು ಕುಣಿದಾಗ ಅವರಿಗೆ ನೋವಾಗುವುದು ಇದಕ್ಕೇ. ಕಾಲದ ಕಟ್ಟೂ ಇದೆ: ಮೇ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯ ನಂತರ ಸಾಮಾನ್ಯವಾಗಿ ಗಗ್ಗರ ಕಟ್ಟುವುದಿಲ್ಲ.

ಹಾಗಾದರೆ ನಾವೇನು ಮಾಡೋಣ?

ವೇದಿಕೆಯಲ್ಲಿ ಕೋಲ ಬೇಡ. ಅದರ ಬದಲು, ಸಿರಿ ಹೆಣೆಯುವವರನ್ನೂ ಹಾಳೆಯ ಕೆಲಸ ಬಲ್ಲವರನ್ನೂ ಕರೆಸೋಣ. ದೈವಕ್ಕೆ ಸಲ್ಲದ, ಬರಿಯ ಕೈಕೆಲಸವನ್ನು ಅವರು ಒಪ್ಪಿದಷ್ಟು ತೋರಿಸಲಿ. ಅವರಿಗೆ ತಕ್ಕ ಸಂಭಾವನೆಯನ್ನು ಮೊದಲೇ ಮಾತಾಡಿ ಕೊಡೋಣ. ಪಾಡ್ದನದ ಕಥೆಯನ್ನು ತುಳು ಬಲ್ಲ ಹಿರಿಯರೊಬ್ಬರು ಕನ್ನಡದಲ್ಲಿ ಹೇಳಲಿ. ಹಳೆಯ ಮೂರ್ತಿಶಿಲ್ಪ ನೋಡಬಯಸುವವರು ದೆಹಲಿಗೆ ಹೋದಾಗ ಅಲ್ಲಿನ ಕರಕುಶಲ ವಸ್ತುಸಂಗ್ರಹಾಲಯಕ್ಕೆ ಭೇಟಿ ಕೊಡಬಹುದು. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಮರದ ಭೂತಮೂರ್ತಿಗಳು ಅಲ್ಲಿವೆ.

ಕೋಲವನ್ನೇ ನೋಡಬೇಕೆಂದರೆ ಅದು ನಡೆಯುವಲ್ಲಿಗೇ ಬನ್ನಿ. ಕಾಸರಗೋಡಿನ ಸದಸ್ಯರ ಮನೆಯಲ್ಲಿ ಊಟಕ್ಕೂ ಚಾಪೆಗೂ ಕೊರತೆಯಿಲ್ಲ. ಚಪ್ಪಲಿ ಹೊರಗೆ ಬಿಡಿ, ಬಣ್ಣ ಹಚ್ಚುವ ಚೌಕಿಯೊಳಗೆ ಕೇಳದೆ ಹೋಗಬೇಡಿ, ಫೋಟೊ ತೆಗೆಯುವ ಮೊದಲು ಮನೆಯವರನ್ನು ಕೇಳಿ. ಬೆಳಗಿನ ಜಾವದವರೆಗೂ ಎಚ್ಚರವಿರುವ ತಯಾರಿಯೊಂದಿಗೆ ಬನ್ನಿ.