ಚಿಕ್ಕ ವಾಹನದ ಅಂಗಡಿ: ಜಾಗದ ಲೆಕ್ಕ, ತೂಕದ ಲೆಕ್ಕ

ಯಾದಗಿರಿ, ಶಹಾಪುರ ಮತ್ತು ಸುರಪುರ ಸೀಮೆಯ ವಾರದ ಸಂತೆಗಳಿಗೆ ಸರಕು ಒಯ್ಯುವ ವರ್ತಕರ ಸಾಧನಗಳು ಕಳೆದ ಎರಡು ದಶಕಗಳಲ್ಲಿ ಬಹಳ ಬದಲಾಗಿವೆ. ಚಕ್ಕಡಿ, ಬಸ್ಸಿನ ಮೇಲ್ಛಾವಣಿ, ಬಾಡಿಗೆಯ ಟಂಟಂ ಇವುಗಳ ಸ್ಥಾನವನ್ನು ನಾಲ್ಕು ಗಾಲಿಯ ಚಿಕ್ಕ ಗೂಡ್ಸ್ ವಾಹನವು ಬಹುಮಟ್ಟಿಗೆ ಪಡೆದುಕೊಂಡಿದೆ. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದದ್ದು ಈ ಬದಲಾವಣೆಯ ಆರಂಭ. 2015ರಲ್ಲಿ ಮಹೀಂದ್ರ ಜೀತೋ, 2016ರಲ್ಲಿ ಮಾರುತಿ ಸೂಪರ್ ಕ್ಯಾರಿ ಅದರ ಸಾಲಿಗೆ ಸೇರಿದವು. ಕಿರಾಣಿ, ಸ್ಟೀಲ್ ಪಾತ್ರೆ, ಪ್ಲಾಸ್ಟಿಕ್ ಸಾಮಾನು, ಬಳೆ, ಸಿದ್ಧ ಉಡುಪು ಮಾರುವ ಅನೇಕರು ಈಗ ಸರಕನ್ನು ನೆಲಕ್ಕೆ ಇಳಿಸುವುದೇ ಇಲ್ಲ. ವಾಹನದಿಂದಲೇ ವ್ಯಾಪಾರ ನಡೆಸುತ್ತಾರೆ. ಮಕರ ಸಂಕ್ರಾಂತಿಯ ಮೈಲಾಪುರ ಜಾತ್ರೆ, ತಿಂಥಣಿ ಮೌನೇಶ್ವರನ ಜಾತ್ರೆಗಳಂತಹ ಸಂದರ್ಭಗಳಲ್ಲಿ ಹಗಲು ಅಂಗಡಿಯಾದ ವಾಹನವೇ ರಾತ್ರಿ ಮಲಗುವ ಮನೆಯೂ ಆಗುತ್ತದೆ.

ಇಂತಹ ವರ್ತಕರಿಂದ ಸಾಮಾನ್ಯವಾಗಿ ಕೇಳಿಬರುವ ದೂರು ಒಂದೇ: ಜಾಗ ಸಾಲದು. ಇದಕ್ಕೆ ಪರಿಹಾರವೆಂದು ಹಲವರು ದೊಡ್ಡ ವಾಹನದ ಸಾಲಕ್ಕೆ ಕೈಹಾಕುತ್ತಾರೆ. ತಿಂಗಳ ಕಂತು ಹೆಚ್ಚುತ್ತದೆ, ಇಂಧನದ ವೆಚ್ಚ ಹೆಚ್ಚುತ್ತದೆ, ಸಂತೆಯ ಗಿರಾಕಿಗಳ ಸಂಖ್ಯೆ ಮಾತ್ರ ಇದ್ದಷ್ಟೇ ಇರುತ್ತದೆ. ಸಾಲಕ್ಕೆ ಮುನ್ನ, ಇರುವ ವಾಹನದಲ್ಲಿ ನಿಜಕ್ಕೂ ಮುಗಿದಿರುವುದು ಜಾಗವೇ ಅಥವಾ ಬೇರೇನಾದರೂ ಆಗಿದೆಯೇ ಎಂಬುದನ್ನು ಲೆಕ್ಕ ಹಾಕಿ ನೋಡುವುದು ಲಾಭಕರ.

ಮೊದಲು ಮುಗಿಯುವುದು ಯಾವುದು?

ಟಾಟಾ ಏಸ್ ವಾಹನದ ಸರಕಿನ ತೊಟ್ಟಿಯ ಅಳತೆ ಸುಮಾರು 2200 ಮಿ.ಮೀ. ಉದ್ದ, 1490 ಮಿ.ಮೀ. ಅಗಲ, ಪಕ್ಕದ ತಗಡಿನ ಎತ್ತರ 300 ಮಿ.ಮೀ., ಅಂದರೆ ಒಂದು ಅಡಿ. ಹೊರುವ ಸಾಮರ್ಥ್ಯ ಮೂಲ ಮಾದರಿಯಲ್ಲಿ 750 ಕಿಲೋ. ಈ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸ್ವಾರಸ್ಯಕರ ಸಂಗತಿಯೊಂದು ಹೊರಬೀಳುತ್ತದೆ. 25 ಕಿಲೋದ 30 ಅಕ್ಕಿ ಚೀಲಗಳು 750 ಕಿಲೋ ತೂಗುತ್ತವೆ. ಅವು ಹಿಡಿಯುವ ಜಾಗ ಸುಮಾರು ಒಂದು ಘನ ಮೀಟರ್. ತೊಟ್ಟಿಯ ತಳದ ಮೇಲೆ ಹರಡಿದರೆ ಅದರ ಎತ್ತರ ಒಂದು ಅಡಿ. ಪಕ್ಕದ ತಗಡಿನ ಅಂಚಿಗೆ ಅಕ್ಕಿ ಬರುವಷ್ಟರಲ್ಲಿ ವಾಹನದ ಶಕ್ತಿ ಮುಗಿದಿರುತ್ತದೆ. ಅದರ ಮೇಲೆ ಕಾಣುವ ಖಾಲಿ ಜಾಗವು ಕಣ್ಣಿಗೆ ಜಾಗವೇ ಹೊರತು ವ್ಯಾಪಾರಕ್ಕೆ ಅಲ್ಲ. ಬೇಳೆಯ ವಿಷಯವೂ ಹೆಚ್ಚುಕಡಿಮೆ ಹೀಗೆಯೇ; ಉಪ್ಪು ಇನ್ನೂ ಬೇಗ ಮಿತಿ ಮುಟ್ಟುತ್ತದೆ.

ಪ್ಲಾಸ್ಟಿಕ್ ಬಕೆಟ್ಟಿನ ವರ್ತಕನ ಸ್ಥಿತಿ ಇದಕ್ಕೆ ತದ್ವಿರುದ್ಧ. ಒಂದೂವರೆ ಮೀಟರ್ ಎತ್ತರಕ್ಕೆ ಕಮಾನು ಹಾಕಿ ತಾಡಪತ್ರಿ ಹೊದಿಸಿದರೆ ಒಳಗೆ ಸುಮಾರು 4.9 ಘನ ಮೀಟರ್ ಜಾಗ ಸಿಗುತ್ತದೆ. ಬಕೆಟ್ಟುಗಳನ್ನು ಒಂದರೊಳಗೊಂದು ಕೂರಿಸದೆ ತುಂಬಿದರೆ ತೂಕ ನೂರು ಕಿಲೋದ ಆಸುಪಾಸಿನಲ್ಲಿರುವಾಗಲೇ ವಾಹನ ತುಂಬಿಹೋಗುತ್ತದೆ. ಮೊದಲನೆಯವನಿಗೆ ತೂಕದ ಕೊರತೆ, ಎರಡನೆಯವನಿಗೆ ಜಾಗದ ಕೊರತೆ. ಇಬ್ಬರೂ ಅದನ್ನು ‘ಜಾಗ ಸಾಲದು’ ಎಂದೇ ಕರೆಯುತ್ತಾರೆ.

ಭಾರದ ಸರಕು ಮತ್ತು ಹಗುರ ಸರಕುಗಳನ್ನು ಬೆರೆಸಿ ಒಯ್ಯುವ ವರ್ತಕನು ಜಾಗ ಮತ್ತು ತೂಕ ಎರಡನ್ನೂ ಪೂರ್ಣವಾಗಿ ದುಡಿಸಿಕೊಳ್ಳಬಲ್ಲನು. ಬೇಳೆ ಅಥವಾ ಬೆಲ್ಲ ಮಾರುವವನು ತಳದ ಒಂದು ಪದರಕ್ಕೆ ಅದನ್ನು ಸೀಮಿತಗೊಳಿಸಿ, ಮೇಲೆ ಪೊರಕೆ, ಪ್ಲಾಸ್ಟಿಕ್, ಬಟ್ಟೆಯಂತಹ ಹಗುರ ವಸ್ತುಗಳನ್ನಿಟ್ಟರೆ ಅದೇ ಇಂಧನದಲ್ಲಿ ಎರಡನೆಯ ಅಂಗಡಿಯೊಂದು ಪ್ರಯಾಣ ಮಾಡಿದಂತಾಗುತ್ತದೆ.

ಕ್ರೇಟುಗಳ ಜೋಡಣೆ

ಗೋಣಿಚೀಲ ಮತ್ತು ರಟ್ಟಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸುವ ಪದ್ಧತಿಯಲ್ಲಿ ಜಾಗ ಉಳಿದಂತೆ ತೋರಿದರೂ ಕೆಳಗಿನ ಸರಕು ಕೈಗೆ ಸಿಗುವುದಿಲ್ಲ. ಗಿರಾಕಿ ಕೇಳಿದ ವಸ್ತುವಿಗಾಗಿ ನಾಲ್ಕು ಪೆಟ್ಟಿಗೆ ಇಳಿಸಬೇಕೆಂದರೆ, ಸಂತೆಯ ಗದ್ದಲದಲ್ಲಿ ವರ್ತಕನ ಬಾಯಿಂದ ಬರುವ ಉತ್ತರ ‘ಇಲ್ಲ’ ಎಂಬುದೇ. ತಂದ ಸರಕು ತಂದ ಹಾಗೆಯೇ ಮನೆಗೆ ಮರಳುತ್ತದೆ.

ಪ್ಲಾಸ್ಟಿಕ್ ಕ್ರೇಟುಗಳಲ್ಲಿ ಪ್ರಚಲಿತವಿರುವ ಅಳತೆಗಳಲ್ಲೊಂದು 600×400 ಮಿ.ಮೀ. (ಟೊಮೆಟೊ ಸಾಗಿಸುವ ಕ್ರೇಟು ಇದಕ್ಕಿಂತ ಸ್ವಲ್ಪ ಚಿಕ್ಕದು.) ಈ ಅಳತೆ ಮೇಲೆ ಹೇಳಿದ ತೊಟ್ಟಿಗೆ ಚೆನ್ನಾಗಿ ಒಗ್ಗುತ್ತದೆ. ಎರಡೂ ಪಕ್ಕದಲ್ಲಿ ಉದ್ದಕ್ಕೆ ಮೂರು ಮೂರು ಕ್ರೇಟು ಇಟ್ಟರೆ 1800 ಮಿ.ಮೀ. ಆಯಿತು, ಹಿಂಬದಿಯ ಬಾಗಿಲ ಬಳಿ 400 ಮಿ.ಮೀ. ಉಳಿಯಿತು. ಅದು ತಕ್ಕಡಿ ಮತ್ತು ಗಲ್ಲಾಪೆಟ್ಟಿಗೆಗೆ. ಅಗಲದಲ್ಲಿ ಎರಡು ಸಾಲಿಗೆ 800 ಮಿ.ಮೀ. ಹೋಗಿ, ಚೌಕಟ್ಟಿನ ದಪ್ಪ ಕಳೆದು, ನಡುವೆ ಸುಮಾರು 640 ಮಿ.ಮೀ. ಓಣಿ ದೊರೆಯುತ್ತದೆ. ಒಬ್ಬ ಮನುಷ್ಯ ಬಗ್ಗಿ ಓಡಾಡಲು ಇಷ್ಟು ಸಾಕು. ನಾಲ್ಕು ಅಂತಸ್ತಿಗೆ ಒಟ್ಟು 24 ಕ್ರೇಟು. ಕ್ರೇಟಿನ ಮೇಲೆ ಕ್ರೇಟು ನೇರವಾಗಿ ಕೂರಿಸುವ ಬದಲು ಆಂಗಲ್ ಚೌಕಟ್ಟಿನ ಮೇಲೆ ಜಾರುವಂತೆ ಇರಿಸಿದರೆ ಯಾವ ಅಂತಸ್ತಿನ ಕ್ರೇಟನ್ನಾದರೂ ಮೇಜಿನ ಖಾನೆಯಂತೆ ಎಳೆದು ತೆಗೆಯಬಹುದು. ನಡುವಿನ ಓಣಿ ವ್ಯರ್ಥವೆಂದು ತೋರಬಹುದು. ಆದರೆ 24 ಕ್ರೇಟುಗಳನ್ನೂ ಮಾರಾಟಕ್ಕೆ ತೆರೆದಿಡುವುದು ಆ ಓಣಿಯೇ.

ಈ ಚೌಕಟ್ಟಿಗೂ ತೂಕವಿದೆ ಎಂಬುದನ್ನು ಮರೆಯುವಂತಿಲ್ಲ. 25×25×3 ಮಿ.ಮೀ. ಆಂಗಲ್ ಪ್ರತಿ ಮೀಟರಿಗೆ ಸುಮಾರು 1.1 ಕಿಲೋ ತೂಗುತ್ತದೆ. 30 ಮೀಟರ್ ಆಂಗಲ್, 24 ಖಾಲಿ ಕ್ರೇಟು, ಒಂದು ಪ್ಲೈವುಡ್ ಹಲಗೆ ಸೇರಿ 90 ಕಿಲೋ ಆಗುತ್ತದೆ. ಕಮಾನು, ತಾಡಪತ್ರಿ, ತಕ್ಕಡಿ, ನೀರಿನ ಕ್ಯಾನು ಇವುಗಳಿಗೆ 70 ಕಿಲೋ ಹಿಡಿಯಬಹುದು. ನೋಂದಣಿ ಪತ್ರದಲ್ಲಿ ನಮೂದಾಗುವ ಖಾಲಿ ತೂಕದಲ್ಲಿ ಚಾಲಕ ಮತ್ತು ಸಹಾಯಕನ ತೂಕ ಸೇರಿರುವುದಿಲ್ಲವಾದ್ದರಿಂದ ಇಬ್ಬರಿಗೆ 130 ಕಿಲೋ ಕಳೆಯಬೇಕು. 750ರಲ್ಲಿ ಉಳಿಯುವುದು 460 ಕಿಲೋ. ಕ್ರೇಟಿಗೆ ಸರಾಸರಿ 19 ಕಿಲೋ. ಈ ಸಂಖ್ಯೆಯನ್ನು ಅರಿಯದೆ ಎಲ್ಲ ಕ್ರೇಟುಗಳಿಗೂ ಸ್ಟೀಲ್ ಪಾತ್ರೆ ತುಂಬಿದವನು ಮುಂದಿನ ಮಳೆಗಾಲದೊಳಗೆ ಸ್ಪ್ರಿಂಗ್ ಪಟ್ಟಿ ಬದಲಿಸಬೇಕಾದೀತು. ಚೌಕಟ್ಟನ್ನು ‘ಗಟ್ಟಿ ಇರಲಿ’ ಎಂದು ದಪ್ಪ ಕಬ್ಬಿಣದಿಂದ ಮಾಡಿಸುವ ರೂಢಿಯೂ ಇದೇ ಕಾರಣಕ್ಕೆ ನಷ್ಟದ್ದು. ಕಬ್ಬಿಣದ ಪ್ರತಿ ಕಿಲೋ, ಮಾರಲಾಗದ ಒಂದು ಕಿಲೋ ಸರಕು.

ಹೇರಿನ ಸಮತೋಲ

ರೈಲು ಮತ್ತು ಮೋಟಾರು ರಸ್ತೆಗಳು ಬರುವ ಮುನ್ನ ದಖ್ಖನಿನಲ್ಲಿ ಧಾನ್ಯ, ಉಪ್ಪುಗಳು ದೂರದ ಊರುಗಳಿಗೆ ಲಂಬಾಣಿಗರ ಹೇರೆತ್ತುಗಳ ಬೆನ್ನ ಮೇಲೆ ಸಾಗುತ್ತಿದ್ದವು. ಈ ಜಿಲ್ಲೆಯಲ್ಲಿ ಇಂದಿಗೂ ಇರುವ ಅನೇಕ ತಾಂಡಾಗಳ ಹಿರಿಯರು ಆ ಕಸುಬಿನವರು. ಎತ್ತಿನ ಎರಡೂ ಪಕ್ಕಕ್ಕೆ ಇಳಿಬಿದ್ದ ಗೋಣಿಗಳು ಸಮತೂಕದವಾಗಿರದಿದ್ದರೆ ಹೇರು ಜಾರುತ್ತಿತ್ತು, ಬೆನ್ನು ಹುಣ್ಣಾಗುತ್ತಿತ್ತು. ಎತ್ತು ನರಳಿ ತೋರಿಸುತ್ತಿದ್ದುದನ್ನು ವಾಹನ ಟಯರು ಸವೆಸಿ ತೋರಿಸುತ್ತದೆ, ಅಷ್ಟೇ ವ್ಯತ್ಯಾಸ.

ಎಡಬಲಗಳ ಸಮತೋಲ ಸುಲಭ, ಹಿಂದುಮುಂದಿನದು ಸೂಕ್ಷ್ಮ. ಭಾರದ ಸರಕು ಹಿಂದಿನ ಆಕ್ಸಲಿಗಿಂತ ತುಸು ಮುಂದೆ, ತಳದ ಅಂತಸ್ತಿನಲ್ಲಿ ಇರಬೇಕು. ಬಾಗಿಲ ಬಳಿ ಭಾರ ಹೇರಿದರೆ ಆಕ್ಸಲಿನ ಹಿಂದಿನ ಭಾಗ ಕೆಳಗೆ ಒತ್ತಿ, ಮುಂದಿನ ಗಾಲಿಗಳ ಹಿಡಿತ ಸಡಿಲವಾಗುತ್ತದೆ. ಸ್ಟಿಯರಿಂಗ್ ಹಗುರವಾಗಿ ತೇಲಿದಂತಾಗುತ್ತದೆ. ಗುಡ್ಡಗಳ ನಡುವಿನ ಸುರಪುರದ ಏರಿನಲ್ಲಿ ಇದರ ಅಪಾಯ ಚೆನ್ನಾಗಿ ಗೊತ್ತಾಗುತ್ತದೆ. ಮೇಲಿನ ಅಂತಸ್ತಿನಲ್ಲಿ ಭಾರವಿಟ್ಟರೆ ಕಾಲುವೆ ಬದಿಯ ಇಕ್ಕಟ್ಟಾದ ತಿರುವುಗಳಲ್ಲಿ ವಾಹನ ವಾಲುತ್ತದೆ.

ಇಲ್ಲೊಂದು ತೊಡಕಿದೆ. ಹೆಚ್ಚು ಖರ್ಚಾಗುವ ಸರಕು ಬಾಗಿಲ ಬಳಿ, ಸೊಂಟದ ಎತ್ತರದಲ್ಲಿ ಇರಬೇಕೆಂದು ವ್ಯಾಪಾರ ಬೇಡುತ್ತದೆ. ಭಾರದ ಸರಕು ಮುಂದೆ, ಕೆಳಗೆ ಇರಬೇಕೆಂದು ವಾಹನ ಬೇಡುತ್ತದೆ. ಬೇಳೆಯಂತೆ ಭಾರವೂ ಆಗಿ ಬೇಗ ಖರ್ಚೂ ಆಗುವ ವಸ್ತುಗಳನ್ನು ಮುಂಚಿತವಾಗಿಯೇ ಅರ್ಧ ಕಿಲೋ, ಒಂದು ಕಿಲೋದ ಪೊಟ್ಟಣ ಮಾಡಿ, ಒಂದು ಕ್ರೇಟನ್ನು ಮಾತ್ರ ಬಾಗಿಲಲ್ಲಿಟ್ಟು, ಉಳಿದದ್ದನ್ನು ಮುಂಭಾಗದ ತಳದಲ್ಲಿ ಇರಿಸಿ ಸಂತೆಗೊಮ್ಮೆ ತುಂಬಿಕೊಳ್ಳುವುದು ಕಾರ್ಯಸಾಧ್ಯವಾದ ದಾರಿ. ಪೊಟ್ಟಣ ಮಾಡಿ ಮಾರುವವರು ಮತ್ತು ತೂಗಿ ಮಾರುವವರು ಇಬ್ಬರಿಗೂ ಕಾನೂನು ಮಾಪನಶಾಸ್ತ್ರ ಕಾಯ್ದೆಯ ನಿಯಮಗಳು ಅನ್ವಯಿಸುತ್ತವೆ. ತಕ್ಕಡಿಯ ಮುದ್ರೆ ಚಾಲ್ತಿಯಲ್ಲಿರಬೇಕು. ವಾಹನದ ಓರೆ ನೆಲದ ಮೇಲಿಟ್ಟ ಎಲೆಕ್ಟ್ರಾನಿಕ್ ತಕ್ಕಡಿ ತಪ್ಪು ತೋರಿಸುವ ಸಂಭವವಿದ್ದು, ರಸಮಟ್ಟ ನೋಡಿ ಕೂರಿಸಬೇಕು.

ಜಾಗಕ್ಕೆ ಬಾಡಿಗೆ

ಯಾವ ಸರಕಿಗೆ ಜಾಗ ಕೊಡಬೇಕೆಂಬ ಪ್ರಶ್ನೆಗೆ ವರ್ತಕರು ಸಾಮಾನ್ಯವಾಗಿ ಲಾಭದ ಶೇಕಡಾವಾರು ನೋಡಿ ಉತ್ತರಿಸುತ್ತಾರೆ. ವಾಹನದ ಅಂಗಡಿಯಲ್ಲಿ ಇದು ದಾರಿ ತಪ್ಪಿಸುತ್ತದೆ. ಉದಾಹರಣೆಗೆ, ಒಂದು ಕ್ರೇಟು ತುಂಬ ಒಂದು ಬಗೆಯ ಸರಕು ಪೂರ್ತಿ ಮಾರಾಟವಾದಾಗ 900 ರೂ. ಲಾಭ ಕೊಡುತ್ತದೆ, ಆದರೆ ಖಾಲಿಯಾಗಲು ಐದು ವಾರ ಹಿಡಿಯುತ್ತದೆ ಎನ್ನೋಣ. ಇನ್ನೊಂದರಲ್ಲಿ ಲಾಭ 400 ರೂ., ಖಾಲಿಯಾಗುವುದು ಒಂದೇ ವಾರಕ್ಕೆ. ಮೊದಲನೆಯದು ತಾನು ಕುಳಿತ ಜಾಗಕ್ಕೆ ವಾರಕ್ಕೆ 180 ರೂ. ಬಾಡಿಗೆ ತೆತ್ತಂತಾಯಿತು, ಎರಡನೆಯದು 400 ರೂ. ತೆತ್ತಂತಾಯಿತು. ಪ್ರತಿ ಕ್ರೇಟಿಗೆ ಸಂಖ್ಯೆ ಬರೆದು, ಎರಡು ತಿಂಗಳ ಕಾಲ ಯಾವುದು ಎಷ್ಟು ಸಲ ತುಂಬಿತೆಂದು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದರೆ, ಬಾಡಿಗೆ ಕೊಡದ ಕ್ರೇಟುಗಳು ತಾವಾಗಿಯೇ ಕಾಣಿಸಿಕೊಳ್ಳುತ್ತವೆ.

ನಿಧಾನವಾಗಿ ಮಾರಾಟವಾಗುವ ಸರಕನ್ನೆಲ್ಲ ಕೈಬಿಡಬೇಕೆಂದಲ್ಲ. ಮದುವೆಯ ದೊಡ್ಡ ಪಾತ್ರೆ, ಕಡಾಯಿಗಳಂತಹವನ್ನು ಒಂದೊಂದೇ ಮಾದರಿಯಾಗಿ ಒಯ್ದು, ಬೇಡಿಕೆ ಬರೆದುಕೊಂಡು, ಮುಂದಿನ ಸಂತೆಗೆ ತಂದುಕೊಡುವ ಪದ್ಧತಿ ಸಾಕು. ಋತುಮಾನವನ್ನೂ ಗಮನಿಸಬೇಕು. ಮುಂಗಾರಿಗೆ ಮುನ್ನ ತಾಡಪತ್ರಿ, ಹಗ್ಗಗಳಿಗೆ ಸಲ್ಲುವ ಜಾಗ, ಹತ್ತಿ ಬಿಡಿಸಿ ತೊಗರಿ ರಾಶಿಯಾದ ಮೇಲೆ ಬಟ್ಟೆ ಮತ್ತು ಪಾತ್ರೆಗಳಿಗೆ ಸಲ್ಲಬೇಕು. ಮೂರೂ ಊರುಗಳ ಸುತ್ತ ಸಂತೆ ಮಾಡುವವರಿಗೆ ಯಾದಗಿರಿ ಮತ್ತು ಸುರಪುರಗಳ ನಡುವೆ ಇರುವ ಶಹಾಪುರದಲ್ಲಿ ಒಂದು ಚಿಕ್ಕ ಬಾಡಿಗೆ ಕೋಣೆ ಇದ್ದರೆ, ವಾರದ ಸರಕನ್ನೆಲ್ಲ ಒಮ್ಮೆಗೇ ಹೊತ್ತು ತಿರುಗುವ ಅಗತ್ಯ ಬೀಳುವುದಿಲ್ಲ. ಕೋಣೆಯ ಬಾಡಿಗೆ ಮತ್ತು ದೊಡ್ಡ ವಾಹನದ ಕಂತು ಇವೆರಡನ್ನೂ ಅಕ್ಕಪಕ್ಕ ಬರೆದು ಹೋಲಿಸಬಹುದು.

ಬಿಸಿಲಿನ ಮಾತನ್ನೂ ಹೇಳಬೇಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಮೀರುವ ಈ ಸೀಮೆಯಲ್ಲಿ ತಾಡಪತ್ರಿಯ ಅಡಿಯ ಮೇಲಿನ ಅಂತಸ್ತು ಒಲೆಯಂತಾಗುತ್ತದೆ. ಬೆಲ್ಲ, ಎಣ್ಣೆಯ ಪೊಟ್ಟಣ, ಮೇಣದಬತ್ತಿ, ಚಾಕೊಲೇಟುಗಳು ತಳದಲ್ಲಿರಬೇಕು; ಬಿಳಿಯ ಅಥವಾ ಬೆಳ್ಳಿಬಣ್ಣದ ತಾಡಪತ್ರಿ ಉತ್ತಮ.

ಜಾತ್ರೆಯ ದಿನಗಳು

ವಿದೇಶಗಳಲ್ಲಿ ವ್ಯಾನಿನೊಳಗೆ ಮನೆ ಕಟ್ಟಿಕೊಂಡು ಪ್ರವಾಸ ಹೋಗುವವರಿದ್ದಾರೆ. ಜರ್ಮನಿಯ ವೆಸ್ಟ್‌ಫಾಲಿಯಾ ಸಂಸ್ಥೆ 1951ರಲ್ಲಿಯೇ ಫೋಕ್ಸ್‌ವ್ಯಾಗನ್ ವ್ಯಾನಿಗೆ ಮಡಚಿ ಬಿಡಿಸುವ ಹಾಸಿಗೆ, ಕಪಾಟುಗಳನ್ನು ಅಳವಡಿಸಿಕೊಡಲು ಆರಂಭಿಸಿತು. ಒಂದೇ ವಸ್ತು ಎರಡು ಕೆಲಸ ಮಾಡಬೇಕೆಂಬುದು ಅಲ್ಲಿನ ಸೂತ್ರ. ಜಾತ್ರೆಯ ವರ್ತಕನಿಗೆ ಅದು ಹಾಗೆಯೇ ಒಪ್ಪುತ್ತದೆ. 1800×600 ಮಿ.ಮೀ. ಅಳತೆಯ 12 ಮಿ.ಮೀ. ಪ್ಲೈವುಡ್ ಹಲಗೆಯೊಂದು ಹಗಲು ಬಾಗಿಲಿಗೆ ಅಡ್ಡಲಾಗಿ ಕುಳಿತು ಮಾರಾಟದ ಕಟ್ಟೆಯಾಗುತ್ತದೆ. ರಾತ್ರಿ ನಡುವಿನ ಓಣಿಗೆ ಇಳಿದು ರೈಲಿನ ಬರ್ತಿನಂತೆ ಹಾಸಿಗೆಯಾಗುತ್ತದೆ. ಅದರ ತೂಕ ಎಂಟೊಂಬತ್ತು ಕಿಲೋ ಮಾತ್ರ. ಮಲಗುವ ವಾಹನದೊಳಗೆ ಅಡುಗೆ ಒಲೆ ಹಚ್ಚುವುದು ಮಾತ್ರ ಸಲ್ಲದು. ಬೆಂಕಿಯ ಭಯವಷ್ಟೇ ಅಲ್ಲ, ಮುಚ್ಚಿದ ಜಾಗದಲ್ಲಿ ಉಂಟಾಗುವ ಇಂಗಾಲದ ಮಾನಾಕ್ಸೈಡ್ ವಾಸನೆಯಿಲ್ಲದೆ ನಿದ್ದೆಯಲ್ಲಿಯೇ ಜೀವ ತೆಗೆಯುತ್ತದೆ. ಸಿಲಿಂಡರ್ ಇದ್ದರೆ ರಾತ್ರಿ ವಾಹನದ ಹೊರಗೆ, ನೆಟ್ಟಗೆ ನಿಲ್ಲಿಸಿರಬೇಕು.

ಕಾನೂನು ಮತ್ತು ವರ್ಕ್‌ಶಾಪು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ನೀಡಿದ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಅನಧಿಕೃತ ಮಾರ್ಪಾಡಿಗೆ ಪ್ರತಿಯೊಂದಕ್ಕೆ 5,000 ರೂ. ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ಕಾಯ್ದೆ ಹೇಳುತ್ತದೆ. ಅತಿಭಾರಕ್ಕೆ 20,000 ರೂ. ಮತ್ತು ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂ.; ಸರಕು ತೊಟ್ಟಿಯ ಪಕ್ಕ, ಹಿಂದು, ಮುಂದಕ್ಕೆ ಚಾಚಿಕೊಂಡಿದ್ದರೂ 20,000 ರೂ. ಸಂತೆಯ ಹಲವು ವಾರಗಳ ಗಳಿಕೆ ಒಂದೇ ತಪಾಸಣೆಯಲ್ಲಿ ಹೋಗಬಹುದು. ಪಕ್ಕದ ತಗಡನ್ನು ಎತ್ತರಿಸುವುದು, ಮುಚ್ಚಿದ ಪೆಟ್ಟಿಗೆಯಂತೆ ಕಟ್ಟಿಸುವುದು ಮುಂತಾದ ಕೆಲಸಗಳಿಗೆ ಮುನ್ನ ಯಾದಗಿರಿಯ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ ಅನುಮತಿ ಪಡೆಯುವುದು ಕ್ಷೇಮ. ವಿಮಾ ಸಂಸ್ಥೆಗೂ ಬರಹದಲ್ಲಿ ತಿಳಿಸಬೇಕು.

ಈ ವಿಷಯದಲ್ಲಿ ಸ್ಥಳೀಯ ವೆಲ್ಡಿಂಗ್ ಮತ್ತು ಫ್ಯಾಬ್ರಿಕೇಷನ್ ವರ್ಕ್‌ಶಾಪುಗಳಿಗೆ ಒಂದು ಅವಕಾಶವಿದೆ. ವಾಹನದ ಮೈಗೆ ವೆಲ್ಡಿಂಗ್ ಮಾಡದೆ, ಬೋಲ್ಟಿನಿಂದ ಬಿಗಿದು ಬಿಚ್ಚಬಹುದಾದ, ನಿಗದಿತ ಅಳತೆಯ ಕ್ರೇಟು ಚೌಕಟ್ಟನ್ನು ಸಿದ್ಧ ಸರಕಾಗಿ ತಯಾರಿಸಿದರೆ ಅದಕ್ಕೆ ಸಂತೆಯ ವರ್ತಕರೇ ಗಿರಾಕಿಗಳು. ವಾಹನ ಮಾರುವಾಗ ಚೌಕಟ್ಟನ್ನು ಬಿಚ್ಚಿ ಮುಂದಿನ ವಾಹನಕ್ಕೆ ಹಾಕಿಕೊಳ್ಳಬಹುದು ಎಂಬುದೇ ಅದರ ಆಕರ್ಷಣೆ. ಬಳಸಿದ ತೊಟ್ಟಿಗಳು ಗುದ್ದಿಸಿಕೊಂಡು ಓರೆಯಾಗಿರುವುದರಿಂದ ಅಗಲವನ್ನು ಮುಂದೆ, ನಡುವೆ, ಹಿಂದೆ ಮೂರು ಕಡೆ ಅಳೆದು ಚಿಕ್ಕದನ್ನೇ ಹಿಡಿಯಬೇಕು. ನಟ್ಟುಗಳು ಅಲುಗಾಟಕ್ಕೆ ಸಡಿಲವಾಗದಂತೆ ನೈಲಾನ್ ಒಳಪಟ್ಟಿಯ ನಟ್ಟು ಬಳಸಿ, ಮೊದಲ ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ಅನಂತರ ವೇ ಬ್ರಿಡ್ಜಿಗೆ ಹೋಗಿ ಚೌಕಟ್ಟು ಸಹಿತ ಖಾಲಿ ತೂಕ, ಸರಕು ಸಹಿತ ತೂಕ, ಸಾಧ್ಯವಿದ್ದಲ್ಲಿ ಹಿಂದಿನ ಆಕ್ಸಲಿನ ತೂಕ ಬೇರೆಯಾಗಿ ತೂಗಿಸಿ, ಆ ಚೀಟಿಗಳನ್ನು ವಾಹನದ ಕಾಗದಪತ್ರಗಳ ಜೊತೆಯಲ್ಲಿಯೇ ಇಟ್ಟುಕೊಳ್ಳಬೇಕು.