ಸಾಯಲೊಲ್ಲದ ಕೋಶ, ಅದನ್ನು ಹುಡುಕುವ ಪ್ರತಿಕಾಯ

ಕುತ್ತಿಗೆಯಲ್ಲೋ ಕಂಕುಳಲ್ಲೋ ಗಂಟೊಂದು ವಾರಗಟ್ಟಲೆ ಕರಗದೆ ಉಳಿದರೆ ವೈದ್ಯರು ಬಯಾಪ್ಸಿ ಮಾಡಿಸುತ್ತಾರೆ. ಅದು ಸೋಂಕಿಗೆ ಊದಿಕೊಂಡ ದುಗ್ಧಗ್ರಂಥಿಯೋ, ಫಾಲಿಕ್ಯುಲರ್ ಲಿಂಫೋಮಾ ಎಂಬ ಕ್ಯಾನ್ಸರೋ ಎಂಬುದು ಮೊದಲು ತೀರ್ಮಾನವಾಗಬೇಕು. ಸೂಕ್ಷ್ಮದರ್ಶಕದ ಕೆಳಗೆ ಎರಡರಲ್ಲೂ ಬಿ-ಕೋಶಗಳೆಂಬ ಬಿಳಿರಕ್ತಕಣಗಳ ದುಂಡನೆಯ ಗುಂಪುಗಳೇ ಕಾಣುತ್ತವೆ. ಕೆಲವೊಮ್ಮೆ ಪಳಗಿದ ಕಣ್ಣಿಗೂ ವ್ಯತ್ಯಾಸ ದಕ್ಕುವುದಿಲ್ಲ. ಆಗ ಪೆಥಾಲಜಿಸ್ಟ್‌ಗಳ ನೆರವಿಗೆ ಬರುವುದು ಬಿಸಿಎಲ್-2 ಎಂಬ ಪ್ರೋಟೀನನ್ನು ಗುರುತಿಸುವ ಪ್ರತಿಕಾಯ. ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಬಳಕೆಯಲ್ಲಿರುವ ಈ ಪ್ರತಿಕಾಯ ಎಷ್ಟು ನೆಚ್ಚಿಗೆಯದೋ, ಅದನ್ನು ಎಚ್ಚರದಿಂದ ಓದುವುದೂ ಅಷ್ಟೇ ಮುಖ್ಯ.

ಸಾವನ್ನು ತಡೆಯುವ ಪ್ರೋಟೀನ್

ನಮ್ಮ ಮೈಯಲ್ಲಿ ದಿನವೂ ಸಾವಿರಾರು ಕೋಟಿ ಜೀವಕೋಶಗಳು ಸಾಯುತ್ತವೆ. ಸವೆದವು, ಕೆಟ್ಟವು, ಕೆಲಸ ಮುಗಿಸಿದವು ತಮ್ಮೊಳಗಿನ ಆಜ್ಞೆಯಂತೆ ಕುಗ್ಗಿ, ಚೂರಾಗಿ, ನೆರೆಯ ಕೋಶಗಳಿಗೆ ಆಹಾರವಾಗುತ್ತವೆ. ಕ್ರಮಬದ್ಧವಾದ ಈ ಸಾವಿಗೆ ಜಾನ್ ಕೆರ್, ಆಂಡ್ರ್ಯೂ ವೈಲಿ ಮತ್ತು ಅಲಾಸ್ಟೇರ್ ಕರಿ 1972ರಲ್ಲಿ ‘ಅಪಾಪ್ಟೋಸಿಸ್’ ಎಂದು ಹೆಸರಿಟ್ಟರು. ಈ ಸಾವು ನಡೆಯದೆ ಹೋದರೆ ಆಗುವ ಅನಾಹುತವೇನು ಎಂಬುದನ್ನು ತೋರಿಸಿಕೊಟ್ಟದ್ದು ಬಿಸಿಎಲ್-2.

ಫಾಲಿಕ್ಯುಲರ್ ಲಿಂಫೋಮಾ ರೋಗಿಗಳಲ್ಲಿ ಬಹುಪಾಲು ಜನರ ಕ್ಯಾನ್ಸರ್ ಕೋಶಗಳಲ್ಲಿ 14 ಮತ್ತು 18ನೇ ವರ್ಣತಂತುಗಳು ತುಂಡಾಗಿ ಒಂದರ ಚೂರು ಇನ್ನೊಂದಕ್ಕೆ ಅಂಟಿಕೊಂಡಿರುತ್ತವೆ. ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಯೋಶಿಹಿದೆ ತ್ಸುಜಿಮೊತೊ, ಕಾರ್ಲೊ ಕ್ರೋಚೆ ಮತ್ತು ಸಂಗಡಿಗರು 1980ರ ದಶಕದ ನಡುವಿನಲ್ಲಿ ಆ ಬೆಸುಗೆಯನ್ನು ಶೋಧಿಸಿ ಬಿಸಿಎಲ್-2 ಪ್ರೋಟೀನಿನ ಜೀನನ್ನು ಪತ್ತೆ ಮಾಡಿದರು. ಅದು ಮಾಡುವ ಕೆಲಸ ತಿಳಿದದ್ದು 1988ರಲ್ಲಿ, ಮೆಲ್ಬರ್ನ್‌ನ ವಾಲ್ಟರ್ ಅಂಡ್ ಎಲೈಜಾ ಹಾಲ್ ಸಂಸ್ಥೆಯಲ್ಲಿ. ಡೇವಿಡ್ ವೋ, ಸೂಜನ್ ಕೋರಿ ಮತ್ತು ಜೆರ್ರಿ ಆಡಮ್ಸ್ ಈ ಜೀನನ್ನು ಸೇರಿಸಿದ ರಕ್ತಕೋಶಗಳಿಂದ ಅವುಗಳ ಬೆಳವಣಿಗೆಗೆ ಬೇಕಾದ ಅಂಶವನ್ನು ಕಿತ್ತುಕೊಂಡರು. ಸಾಯಬೇಕಿದ್ದ ಕೋಶಗಳು ಸಾಯಲಿಲ್ಲ. ಹೆಚ್ಚಲೂ ಇಲ್ಲ, ಸುಮ್ಮನೆ ಬದುಕಿಯೇ ಇದ್ದವು. ಕೋಶಗಳು ಮಿತಿಮೀರಿ ಹೆಚ್ಚಿದರೆ ಮಾತ್ರವಲ್ಲ, ಸಾಯಬೇಕಾದಾಗ ಸಾಯದಿದ್ದರೂ ಕ್ಯಾನ್ಸರಿಗೆ ದಾರಿಯಾಗುತ್ತದೆ ಎಂಬ ಅರಿವು ಗಟ್ಟಿಯಾದದ್ದು ಹೀಗೆ.

ಕಂದು ಬಣ್ಣದ ಸಾಕ್ಷಿ

ಒಂದೇ ಗುರಿಗೆ ಅಂಟುವ, ಒಂದೇ ತೆರನಾದ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ವಿದ್ಯೆಯನ್ನು ಕೇಂಬ್ರಿಜ್‌ನಲ್ಲಿ ಜಾರ್ಜಸ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ 1975ರಲ್ಲಿ ಪ್ರಕಟಿಸಿದರು. ಪ್ರತಿಕಾಯ ತಯಾರಿಸುವ ಇಲಿಯ ಕೋಶವನ್ನು, ಸಾವಿಲ್ಲದೆ ಬೆಳೆಯುವ ಕ್ಯಾನ್ಸರ್ ಕೋಶದೊಂದಿಗೆ ಕೂಡಿಸುವುದು ಅದರ ಬಗೆ. 1984ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇದೇ ವಿದ್ಯೆಯಿಂದ ಆಕ್ಸ್‌ಫರ್ಡ್‌ನ ಸಂಶೋಧಕರು ರೂಪಿಸಿ, 1990ರ ಹೊತ್ತಿಗೆ ಬಳಕೆಗೆ ತಂದದ್ದು ‘124’ ಎಂಬ ಬಿಸಿಎಲ್-2 ಕ್ಲೋನ್, ಅಂದರೆ ಒಂದೇ ಕೋಶದ ಸಂತತಿಯಿಂದ ಬಂದ ಪ್ರತಿಕಾಯ. ಅದು ಪ್ರಪಂಚದ ಎಷ್ಟೋ ಪೆಥಾಲಜಿ ಪ್ರಯೋಗಾಲಯಗಳನ್ನು ಸೇರಿತು.

ಬಳಕೆ ಹೀಗೆ: ಮೇಣದಲ್ಲಿ ಹುದುಗಿಸಿದ ಅಂಗಾಂಶವನ್ನು ಕೆಲವೇ ಮೈಕ್ರಾನ್ ತೆಳುವಾಗಿ ಕೊಯ್ದು ಗಾಜಿಗೆ ಅಂಟಿಸುತ್ತಾರೆ. ಫಾರ್ಮಲಿನ್ ಮುಚ್ಚಿಹಾಕಿದ ಪ್ರೋಟೀನ್ ತಾಣಗಳು ತೆರೆದುಕೊಳ್ಳಲೆಂದು ದ್ರಾವಣದಲ್ಲಿ ಕಾಯಿಸುತ್ತಾರೆ. ಆಮೇಲೆ ಪ್ರತಿಕಾಯ, ಅದಕ್ಕೆ ಅಂಟುವ ಕಿಣ್ವ, ಕೊನೆಗೆ ಬಣ್ಣ. ಬಿಸಿಎಲ್-2 ಇದ್ದಲ್ಲಿ ಕಂದು ಬಣ್ಣ ಏಳುತ್ತದೆ.

ಸೋಂಕಿಗೆ ಊದಿದ ಗ್ರಂಥಿಯ ಗುಂಪುಗಳ ನಡುಭಾಗದ ಬಿ-ಕೋಶಗಳಲ್ಲಿ ಬಿಸಿಎಲ್-2 ಇರುವುದಿಲ್ಲ. ರೋಗಾಣುವಿಗೆ ಸರಿಯಾಗಿ ಹೊಂದದ ಪ್ರತಿಕಾಯವುಳ್ಳ ಕೋಶಗಳು ಅಲ್ಲಿ ಸಾಯಲೇಬೇಕು. ಆದ್ದರಿಂದ ಆ ಭಾಗ ಕಂದಾಗುವುದಿಲ್ಲ. ಲಿಂಫೋಮಾದಲ್ಲಿ ಅದೇ ಭಾಗ ಸಾಮಾನ್ಯವಾಗಿ ಗಾಢ ಕಂದಾಗುತ್ತದೆ. ಗ್ರಂಥಿಯಲ್ಲಿರುವ ಆರೋಗ್ಯವಂತ ಟಿ-ಕೋಶಗಳು ಹೇಗೂ ಬಣ್ಣ ಹಿಡಿಯುವುದರಿಂದ, ಪರೀಕ್ಷೆ ಸರಿಯಾಗಿ ನಡೆದಿದೆ ಎಂಬುದಕ್ಕೆ ಅವೇ ಪುರಾವೆ.

ಬಣ್ಣ ಬಾರದ ಕ್ಯಾನ್ಸರ್

ತೊಡಕು ಇರುವುದು ಇಲ್ಲಿ. ಬಿಸಿಎಲ್-2 ಪ್ರೋಟೀನ್ 239 ಅಮೈನೋ ಆಮ್ಲಗಳ ಸರಪಣಿ. ‘124’ ಕ್ಲೋನ್ ಗುರುತಿಸುವುದು ಅದರಲ್ಲಿ 41ರಿಂದ 54ರವರೆಗಿನ ತುಣುಕನ್ನು ಮಾತ್ರ. ಮಾರುದ್ದದ ಹೂಮಾಲೆಯನ್ನು ನಾಲ್ಕು ಬೆರಳಗಲದಲ್ಲಿ ಗುರುತು ಹಿಡಿದಂತೆ. ಆ ತುಣುಕು ಬದಲಾಗಿಬಿಟ್ಟರೆ, ಕೋಶದ ತುಂಬ ಬಿಸಿಎಲ್-2 ಇದ್ದರೂ ಪ್ರತಿಕಾಯ ಅಂಟುವುದಿಲ್ಲ.

ಬದಲಾವಣೆಗೆ ಕಾರಣ ರೋಗದ ಹುಟ್ಟಿನಲ್ಲೇ ಇದೆ. ಬಿ-ಕೋಶಗಳು ರೋಗಾಣುವಿಗೆ ಇನ್ನೂ ಚೆನ್ನಾಗಿ ಹೊಂದುವ ಪ್ರತಿಕಾಯಕ್ಕಾಗಿ ತಮ್ಮ ಪ್ರತಿಕಾಯದ ಜೀನುಗಳನ್ನು ಮತ್ತೆ ಮತ್ತೆ ತಿದ್ದುತ್ತಿರುತ್ತವೆ. 18ನೇ ವರ್ಣತಂತುವಿನ ಬಿಸಿಎಲ್-2 ಜೀನ್ ಬಂದು ಕೂರುವುದು 14ರ ಮೇಲಿರುವ ಅಂಥ ಜೀನಿನ ಪಕ್ಕದಲ್ಲೇ. ತಿದ್ದುಪಡಿಯ ಏಟು ಅದಕ್ಕೂ ತಗಲುತ್ತದೆ. ಹೀಗೆ ಕ್ಯಾನ್ಸರನ್ನು ಹುಟ್ಟಿಸಿದ ಬೆಸುಗೆಯೇ ಅದನ್ನು ಪರೀಕ್ಷೆಯಿಂದ ಮರೆಮಾಡಲೂಬಹುದು. ಹೆಚ್ಚಿನ ಅಪಾಯವೆಂದರೆ, ಪಕ್ಕದ ಟಿ-ಕೋಶಗಳಲ್ಲಿರುವುದು ಬದಲಾಗದ ಬಿಸಿಎಲ್-2. ಅವು ಚೆನ್ನಾಗಿ ಕಂದಾಗಿ ‘ಪರೀಕ್ಷೆ ಸರಿಯಾಗಿದೆ’ ಎನ್ನುತ್ತಿರುವಾಗಲೇ ಗಡ್ಡೆಯ ಕೋಶಗಳು ಬಣ್ಣವಿಲ್ಲದೆ ಉಳಿಯುತ್ತವೆ.

ಸಂಶೋಧಕರು ಇದನ್ನು ಕಂಡುಕೊಂಡದ್ದು ಬೇರೆ ತಾಣಕ್ಕೆ ಅಂಟುವ ಪ್ರತಿಕಾಯಗಳ ಮೂಲಕ. 124 ‘ಇಲ್ಲ’ ಎಂದ ಕೆಲವು ಗಡ್ಡೆಗಳು ಇ17 ಎಂಬ ಮೊಲದ ಪ್ರತಿಕಾಯಕ್ಕೆ ಕಂದಾದವು. ಅನುಮಾನವಿದ್ದಲ್ಲಿ ಎರಡನೇ ಕ್ಲೋನ್ ಬಳಸುವುದು, ವರ್ಣತಂತುವಿನ ಬೆಸುಗೆಯನ್ನೇ ತೋರಿಸುವ ‘ಫಿಶ್’ ಪರೀಕ್ಷೆ ಮಾಡುವುದು ಇದಕ್ಕೆ ಪರಿಹಾರ. ಬಣ್ಣ ಬಂದರೂ ಅವಸರ ಸಲ್ಲದು: ಬೆಸುಗೆ ಇಲ್ಲದ ಬೇರೆ ಲಿಂಫೋಮಾಗಳಲ್ಲೂ ಬಿಸಿಎಲ್-2 ಇರುತ್ತದೆ.

ಸಂಶೋಧನೆಗೂ ಇದೇ ಪಾಠ

ಈ ಎಚ್ಚರ ಆಸ್ಪತ್ರೆಗಷ್ಟೇ ಸೀಮಿತವಲ್ಲ. ಪ್ರತಿಕಾಯಗಳನ್ನು ಪರೀಕ್ಷಿಸುವ ವೈಕ್ಯಾರೋಸ್ ಎಂಬ ತಂಡವು 2023ರಲ್ಲಿ ಪ್ರಕಟಿಸಿದ ಅಧ್ಯಯನ, 65 ಪ್ರೋಟೀನುಗಳಿಗೆಂದು ಮಾರಾಟವಾಗುತ್ತಿದ್ದ 614 ಪ್ರತಿಕಾಯಗಳನ್ನು ಒರೆಗೆ ಹಚ್ಚಿತು. ಅವರ ವಿಧಾನ ಸರಳ: ಆ ಪ್ರೋಟೀನಿನ ಜೀನನ್ನೇ ತೆಗೆದುಹಾಕಿದ ಕೋಶಗಳಲ್ಲೂ ಪ್ರತಿಕಾಯ ಏನನ್ನಾದರೂ ‘ಕಂಡರೆ’ ಅದು ಕಂಡದ್ದು ಬೇರೇನನ್ನೋ. ಪರೀಕ್ಷೆಯಲ್ಲಿ ಸೋತ ಪ್ರತಿಕಾಯಗಳನ್ನು ನೆಚ್ಚಿದ ಪ್ರಬಂಧಗಳು ಪ್ರತಿ ಪ್ರೋಟೀನಿಗೆ ಸರಾಸರಿ 12ರಷ್ಟು ಸಿಕ್ಕವು. ವರ್ಷಗಳ ದುಡಿಮೆ, ಸಾರ್ವಜನಿಕರ ಹಣ, ಸಂಶೋಧನಾ ವಿದ್ಯಾರ್ಥಿಗಳ ಯೌವನ ಹೀಗೆ ಪೋಲಾಗುವುದನ್ನು ನಾವು ಲಘುವಾಗಿ ಕಾಣಬಾರದು.

ಬಿಸಿಎಲ್-2ರ ಮೇಲಿನ ತಿಳಿವಳಿಕೆ ಈಗ ಔಷಧವಾಗಿ ಫಲ ಕೊಟ್ಟಿದೆ. ಈ ಪ್ರೋಟೀನನ್ನು ಹಿಡಿದು ನಿಲ್ಲಿಸಿ, ಕ್ಯಾನ್ಸರ್ ಕೋಶ ಸಾಯುವಂತೆ ಮಾಡುವ ವೆನೆಟೊಕ್ಲಾಕ್ಸ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 2016ರಲ್ಲಿ ಒಂದು ಬಗೆಯ ರಕ್ತಕ್ಯಾನ್ಸರಿಗಾಗಿ ಅನುಮತಿ ಸಿಕ್ಕಿತು. ಚಿಕಿತ್ಸೆ ಇಷ್ಟು ನಿಖರವಾಗುತ್ತಿರುವಾಗ ಪತ್ತೆಯೂ ಅಷ್ಟೇ ನಿಖರವಾಗಿರಬೇಕು. ಬಿಸಿಎಲ್-2 ‘ನೆಗೆಟಿವ್’ ಎಂದಷ್ಟೇ ಬರೆದರೆ ಸಾಲದು, ಯಾವ ಕ್ಲೋನ್ ಬಳಸಲಾಯಿತು ಎಂಬುದೂ ವರದಿಯಲ್ಲಿರಬೇಕು. ಆ ಒಂದು ಸಾಲು ಇದ್ದರೆ, ಇನ್ನೊಂದು ಪರೀಕ್ಷೆ ಬೇಕೇ ಎಂದು ಮುಂದಿನ ವೈದ್ಯರು ಅರಿತು ನಿರ್ಧರಿಸಬಲ್ಲರು.